ಮ್ಯಾನೇಜರ್‌ನ ಹಸಿರು ಚುಕ್ಕೆ

ಜನ ನನ್ನನ್ನು ಹುಳದ ಡಾಕ್ಟ್ರಮ್ಮ ಎನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ನನಗೇನೂ ಬೇಜಾರಿಲ್ಲ. ಪ್ರಾಣಿಗಳ ಹೊಟ್ಟೆಯಲ್ಲಿ ಬಿಟ್ಟಿ ಕೂಳು ತಿಂದುಕೊಂಡಿರುವ ಹುಳಗಳು ಮನುಷ್ಯರೊಳಕ್ಕೆ ಹೇಗೆ ದಾಟುತ್ತವೆ ಎಂದು ಹುಡುಕುವುದೇ ನನ್ನ ಕೆಲಸ. ಅದಕ್ಕಾಗಿ ಬೀದಿ ನಾಯಿಗಳ ಹಿಂದೆ ಡಬ್ಬಿ ಹಿಡಿದು ಅಲೆದವಳು ನಾನು. ನಾನು ಮನೆಗೆ ಕಾಲಿಟ್ಟ ಕೂಡಲೇ ಅಕ್ಕ ಬಚ್ಚಲ ಕಡೆ ಬೆರಳು ತೋರಿಸಿ, "ಮೊದ್ಲು ಕೈ ತೊಳ್ಕೋ, ಆಮೇಲೆ ಮಾತು" ಎನ್ನುತ್ತಾಳೆ. ಅಂಥ ಚೊಕ್ಕಟದ ಹೆಂಗಸು. ಅವಳ ಮಗಳಿಗೇ ಹೀಗಾಗಬೇಕೆ?

ಆ ಮಗಳನ್ನು ನಾವೆಲ್ಲ ಕರೆಯುವುದು ಬಟಾಣಿ ಅಂತ. ಹತ್ತು ವರ್ಷದ ಹುಡುಗಿ, ಒಂದು ಕಡೆ ನಿಲ್ಲುವ ಪೈಕಿಯಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ಸುಮ್ಮನೆ ಮಲಗಿದಳು ಎಂದು ಕೇಳಿದ ಕೂಡಲೇ ಕೈಲಿದ್ದ ಕೆಲಸ ಬಿಟ್ಟು ಓಡಿದೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಲಿವರ್‌ನಲ್ಲಿ ನಿಂಬೆಹಣ್ಣಿಗಿಂತ ದೊಡ್ಡದೊಂದು ಗಂಟು, ಒಳಗೆಲ್ಲ ನೀರು. ಜೊತೆಗೆ ಇಳಿಯದ ಜ್ವರ.

"ಕೀವು ತುಂಬಿರಬಹುದು" ಎಂದರು ಸರ್ಜನ್. "ನಾಳೆ ಬೆಳಿಗ್ಗೆ ಸೂಜಿ ಹಾಕಿ ಹೊರಗೆ ತೆಗೀತೀವಿ. ಗಾಬರಿ ಬೀಳೋ ಅಂಥದ್ದೇನಿಲ್ಲ."

ಗಾಬರಿ ಬೀಳುವಂಥದ್ದು ಇತ್ತು. ನಾನು ಸ್ಕ್ಯಾನ್ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಗಂಟಿನ ಗೋಡೆ ಒಂದೇ ಗೆರೆಯಾಗಿರಲಿಲ್ಲ, ಅಲ್ಲಲ್ಲಿ ಎರಡೆರಡಾಗಿ ಕಾಣುತ್ತಿತ್ತು. ಕುರಿಗಳ ಲಿವರ್‌ನಲ್ಲಿ ಇಂಥ ಚೀಲಗಳನ್ನು ನಾನು ಬೇಕಾದಷ್ಟು ಕೊಯ್ದು ನೋಡಿದ್ದೇನೆ.

ಇದರ ಹಿಂದಿರುವುದು ಒಂದು ಪುಟಾಣಿ ಲಾಡಿಹುಳು. ನಾಯಿಯ ಕರುಳಿನಲ್ಲಿ ಹಾಯಾಗಿರುತ್ತದೆ, ನಾಯಿಗೆ ಏನೂ ತೊಂದರೆಯಿಲ್ಲ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು ಹುಲ್ಲಿಗೆ, ಮಣ್ಣಿಗೆ, ನಾಯಿಯ ಕೂದಲಿಗೇ ಅಂಟಿಕೊಳ್ಳುತ್ತದೆ. ಆ ಹುಲ್ಲು ಮೇಯ್ದ ಕುರಿಯ ಲಿವರ್‌ನಲ್ಲಿ ನೀರಿನ ಚೀಲ ಬೆಳೆಯುತ್ತದೆ. ಆ ಚೀಲವನ್ನು ಹಸಿಯಾಗಿ ತಿಂದ ನಾಯಿಗೆ ಮತ್ತೆ ಹುಳು. ನಾಯಿಯನ್ನು ಮುದ್ದಾಡಿದ ಕೈ ಬಾಯಿಗೆ ಹೋದರೆ ಮನುಷ್ಯರಲ್ಲೂ ಅದೇ ಚೀಲ, ವರ್ಷಗಟ್ಟಲೆ ಸದ್ದಿಲ್ಲದೆ ದಪ್ಪವಾಗುತ್ತ ಹೋಗುತ್ತದೆ. ಅದು ಅಂಥ ಚೀಲವೆಂದು ತಿಳಿಯದೆ, ಮುಂಚೆ ಔಷಧಿ ಕೊಡದೆ ಸೂಜಿ ಚುಚ್ಚಿದರೆ ಒಳಗಿನ ನೀರು ಸೋರಿ ಮಗುವಿನ ಉಸಿರು ಮೇಜಿನ ಮೇಲೆಯೇ ನಿಂತುಹೋಗಬಹುದು. ಬದುಕಿದರೂ, ಸೋರಿದ ಕಡೆಯೆಲ್ಲ ಹೊಸ ಚೀಲಗಳು.

ನಾನು ಓಡಿಹೋಗಿ ಸರ್ಜನ್‌ಗೆ ಅಡ್ಡ ನಿಂತೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ನನ್ನನ್ನು ಹೊರರೋಗಿಗಳ ಮೊಗಸಾಲೆಗೆ ಕರೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿದರು.

"ಈ ನಕ್ಷೆ ಯಾರದು ಮೇಡಂ?"

ನನ್ನದೇ. ನಗರದ ನಾಯಿಗಳನ್ನೆಲ್ಲ ಪರೀಕ್ಷಿಸಿ ನಾನೇ ಮಾಡಿಸಿದ ದೊಡ್ಡ ನಕ್ಷೆ. ಹುಳು ಸಿಕ್ಕಲ್ಲಿ ಕೆಂಪು ಚುಕ್ಕೆ, ಸಿಗದಲ್ಲಿ ಹಸಿರು. ಕೆಂಪೆಲ್ಲ ದೂರದ ಹೊರವಲಯದಲ್ಲಿತ್ತು. ಅಕ್ಕನ ಮನೆಯಿರುವ ಭಾಗದಲ್ಲಿ, ಕಸಾಯಿಖಾನೆಯ ಗೇಟಿನ ಮೇಲೆ ಕೂಡ, ಹಸಿರೇ ಹಸಿರು.

"ನೀವೇ ಇಲ್ಲ ಅಂದಿದ್ದೀರಿ. ಈಗ ನೀವೇ ಇದೆ ಅಂತೀರಿ" ಎಂದರು ಅವರು. ವ್ಯಂಗ್ಯವಿರಲಿಲ್ಲ. ಅದೇ ನನಗೆ ಇನ್ನಷ್ಟು ಚುರುಕ್ಕೆಂದಿತು. "ರಕ್ತದ ಪರೀಕ್ಷೆ ಹೊರಗಡೆಯಿಂದ ಬರೋಕೆ ದಿನ ಹಿಡಿಯತ್ತೆ. ನಿಜವಾಗ್ಲೂ ಕೀವಾಗಿದ್ರೆ ಅಲ್ಲೀವರೆಗೆ ಕಾಯೋದೇ ಅಪಾಯ. ಮನೇಲಿ ನಾಯಿ ಇದ್ಯಾ?"

"ನಾಯಿಯಾ!" ಹಿಂದೆ ಬಂದಿದ್ದ ಅಕ್ಕ ಬಾಯಿ ಹಾಕಿದಳು. "ನಮ್ಮನೇಲಿ ಹಲ್ಲಿ ಒಳಗೆ ಬರೋಕೂ ನನ್ನ ಅಪ್ಪಣೆ ಬೇಕು ಡಾಕ್ಟ್ರೇ."

ಅವಳ ಪಕ್ಕದಲ್ಲಿ ಭಾವ ನಿಂತಿದ್ದರು. ಕಸಾಯಿಖಾನೆಯಲ್ಲಿ ಮೇಸ್ತ್ರಿ, ಇಪ್ಪತ್ತು ಜನರನ್ನು ಗದರಿಸಿ ಕೆಲಸ ತೆಗೆಯುವ ಆಳು. ಈಗ ನೆಲದ ಟೈಲ್ಸ್ ನೋಡುತ್ತಿದ್ದರು.

"ಸಂಜೆ ಒಳಗೆ ನಂಗೆ ಏನಾದ್ರೂ ಆಧಾರ ತೋರಿಸಿ" ಎಂದರು ಸರ್ಜನ್. "ಸೂಜಿ ಕೆಳಗಿಡ್ತೀನಿ. ಬರೀ ಅನುಮಾನದ ಮೇಲೆ ಇಡೋಕಾಗಲ್ಲ."

ನ್ಯಾಯದ ಮಾತೇ. ಆದರೂ ಮೈಯೆಲ್ಲ ಉರಿಯಿತು. ನಾನೇ ಬಿಸಿಲಲ್ಲಿ ಅಲೆದು ಮಾಡಿದ ನಕ್ಷೆ ನನ್ನ ಬಟಾಣಿಗೇ ಮುಳುವಾಗಿ ಗೋಡೆಯ ಮೇಲೆ ಕೂತಿತ್ತು. ಇರಲಿ, ಹಿಡಿದ ಪಟ್ಟು ಬಿಡುವವಳು ನಾನಲ್ಲ ಎಂದುಕೊಂಡು ನೇರ ವಾರ್ಡಿಗೆ ನಡೆದೆ. ಭಾವನೂ ಹಿಂದೆಯೇ ಬಂದರು.

ಬಟಾಣಿ ದಿಂಬಿಗೆ ಒರಗಿ ಸಲೈನ್ ಹನಿ ಬೀಳುವುದನ್ನು ನೋಡುತ್ತಿದ್ದಳು. ನಾನು ಮಂಚದ ಅಂಚಿನಲ್ಲಿ ಕೂತು ಅವಳ ಕಾಲು ನೇವರಿಸಿದೆ.

"ಚಿನ್ನು, ನಿಜ ಹೇಳು. ಎಲ್ಲಾದ್ರೂ ನಾಯಿ ಜೊತೆ ಆಡ್ತೀಯಾ?"

ಅವಳು ಒಮ್ಮೆ ಅಪ್ಪನ ಮುಖ ನೋಡಿದಳು. "ಇಲ್ಲ ಚಿಕ್ಕಮ್ಮ. ನಾನು ನಾಯಿ ಮುಟ್ಟೋದೇ ಇಲ್ಲ. ಮ್ಯಾನೇಜರ್‌ನಂತೂ ಮುಟ್ಟೋದೇ ಇಲ್ಲ."

ಮ್ಯಾನೇಜರ್ ಎಂದರೆ ಕಸಾಯಿಖಾನೆಯ ಗೇಟಿನ ನಾಯಿ. ಬಂದವರನ್ನೆಲ್ಲ ತಲೆಯಿಂದ ಕಾಲಿನವರೆಗೆ ನೋಡಿ ಒಳಗೆ ಬಿಡುತ್ತದೆಂದು ಕೆಲಸದವರು ಇಟ್ಟ ಹೆಸರು. ನಾನು ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಭಾವ ಧಡಕ್ಕನೆ ಹೊರಗೆ ಹೋದರು. ನಾನು ಬೆನ್ನು ಹತ್ತಿದೆ. ಮೆಟ್ಟಿಲ ಹತ್ತಿರ ಅವರು ಗೋಡೆಗೆ ಕೈಯೂರಿ ನಿಂತಿದ್ದರು.

"ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳ್ತು ಮಗು" ಎಂದರು. "ನಾನೇ ಕಲಿಸಿದ್ದು ಕಣಮ್ಮ."

ಎಲ್ಲ ಹೊರಗೆ ಬಂತು. ಬಟಾಣಿ ಶಾಲೆ ಬಿಟ್ಟಮೇಲೆ ಅಪ್ಪನ ಪಾಳಿ ಮುಗಿಯುವವರೆಗೆ ಕಸಾಯಿಖಾನೆಯ ಗೇಟಿನಲ್ಲಿ ಕೂರುತ್ತಿದ್ದಳು. ನಡೆಯಲು ಕಲಿತ ಕಾಲದಿಂದಲೂ ಮ್ಯಾನೇಜರ್‌ನ ಕೊರಳು ತಬ್ಬಿಯೇ ಬೆಳೆದವಳು. ಅಮ್ಮನಿಗೆ ತಿಳಿದರೆ ಮನೆ ಎರಡಾಗುತ್ತದೆ ಎಂದು ಅಪ್ಪ ಮಗಳು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಇನ್ನು ಚೀಲ ಕಟ್ಟಿದ ಲಿವರ್ ಮಾರುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ಹಾಗಾಗಿ ದಿನವೂ ಭಾವನೇ ಅದನ್ನು ಮ್ಯಾನೇಜರ್‌ಗೆ ಹಾಕುತ್ತಿದ್ದರು, ಪ್ರೀತಿಯಿಂದ.

"ಮತ್ತೆ ನನ್ನ ಪರೀಕ್ಷೇಲಿ ಅದರ ಮಲ ಚೊಕ್ಕಟ ಬಂತಲ್ಲ ಭಾವ! ನೀವೇ ಡಬ್ಬೀಲಿ ಹಾಕಿ ಕೊಟ್ರಿ!"

"ಅದು ಬೇಕರಿ ಮೂಲೆ ನಾಯೀದು."

"ಏನಂದ್ರಿ?"

"ನೀನು ಅವತ್ತು ಹೇಗೆ ಬಂದೆ ನೆನಪಿದ್ಯಾ? ಬಿಳಿ ಕೋಟು, ಕೈಗೆ ಗ್ಲೌಸು, ಮೂಗಿಗೆ ಬಟ್ಟೆ. ಇಳಿದಿದ್ದು ನಾಯಿ ಹಿಡಿಯೋರ ಗಾಡಿಯಿಂದ. ಹುಳ ಸಿಕ್ತು ಅಂದ್ರೆ ಅದನ್ನ ಎತ್ತಾಕ್ಕೊಂಡು ಹೋಗಿ ಸಾಯಿಸ್ತೀರ ಅಂದ್ಕೊಂಡೆ. ಬಟಾಣಿ ಎದೆ ಒಡ್ಕೊಳ್ತಾಳೆ ಅಂತ..."

ನಮ್ಮ ಲ್ಯಾಬಿನ ಜೀಪು ಆಗ ಕೆಟ್ಟು ನಿಂತಿತ್ತು. ನಾಯಿ ಹಿಡಿಯುವವರ ಗಾಡಿ ಆ ಕಡೆಗೇ ಹೊರಟಿತ್ತೆಂದು ಹತ್ತಿದ್ದೆ. ಅಷ್ಟೇ! ಅಷ್ಟಕ್ಕೇ ಒಂದು ಚುಕ್ಕೆ ಹಸಿರಾಗಿತ್ತು.

"ಒಂದು ಗುಳಿಗೆ ಭಾವ!" ನಾನು ಕಿರುಚಿದೆ. ಕೆಳಗಿನ ನರ್ಸ್ ತಲೆಯೆತ್ತಿ ನೋಡಿದಳು. ನೋಡಲಿ. "ಆ ನಾಯಿಗೆ ಗುಳಿಗೆ ನುಂಗಿಸಿದ್ರೆ ಮುಗೀತಿತ್ತು! ಯಾರು ಸಾಯಿಸ್ತಾರೆ ಅದನ್ನ? ಒಂದು ಮಾತು ಕೇಳ್ಬಾರ್ದಿತ್ತಾ ನನ್ನ? ನಾನೇನು ಹೊರಗಿನವಳಾ?"

"ಗುಳಿಗೆನಾ?" ಎಂದರು. "ಬರೀ ಗುಳಿಗೆನಾ?" ಹಾಗೆಯೇ ಮೆಟ್ಟಿಲ ಮೇಲೆ ಕುಸಿದು ಕೂತರು. ಬೈಯಲು ಇನ್ನೂ ಒಂದು ರಾಶಿ ಮಾತು ನನ್ನ ಬಾಯಲ್ಲಿತ್ತು. ಆ ಮುಖ ನೋಡಿ ನುಂಗಿಕೊಂಡೆ.

"ಏಳಿ. ಅಳೋದಿದ್ರೆ ಆಮೇಲೆ ಅಳಿ. ಸಂಜೆ ಒಳಗೆ ಹುಳ ನನ್ನ ಕೈಲಿರ್ಬೇಕು."

ಲ್ಯಾಬಿನಿಂದ ಬೇಕಾದ್ದೆಲ್ಲ ಹೊತ್ತುಕೊಂಡು ಕಸಾಯಿಖಾನೆಗೆ ಹೋದೆವು. ಬರೀ ಮೊಟ್ಟೆ ತೋರಿಸಿದರೆ ಸಾಲದು. ನಾಯಿಯ ಬೇರೆ ಲಾಡಿಹುಳುಗಳ ಮೊಟ್ಟೆಯೂ ಹಾಗೆಯೇ ಕಾಣುತ್ತದೆ. ಹುಳುವೇ ಹೊರಗೆ ಬರಬೇಕು, ಅದಕ್ಕೆ ನಾಯಿಗೆ ಭೇದಿ ಔಷಧಿ ಹಾಕಬೇಕು. ಹಿಂದಿನ ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಬೇರೆಯವರನ್ನೆಲ್ಲ ಹೊರಗೆ ಕಳಿಸಿ, ನಾವಿಬ್ಬರೂ ಏಪ್ರನ್, ಗ್ಲೌಸು, ಬೂಟು ಏರಿಸಿದೆವು. ಆ ವೇಷ ನೋಡಿ ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿಯಿತು. ಭಾವ ಮೂಗಿನ ಬಟ್ಟೆಯೊಳಗಿಂದಲೇ "ನಾನೇ ಕಣೋ" ಎಂದ ಮೇಲೆ ಬಂದು ಅವರ ಮೊಣಕಾಲಿಗೆ ತಲೆಯಿಟ್ಟಿತು.

ಔಷಧಿ ಕೆಲಸ ಮಾಡಿದಾಗಿನ ವಾಸನೆಯ ಬಗ್ಗೆ ನಾನೇನೂ ಹೇಳುವುದಿಲ್ಲ. ದಿನವೂ ರಕ್ತದಲ್ಲಿ ನಿಂತು ದುಡಿಯುವ ಭಾವನೇ ಮುಖ ತಿರುಗಿಸಿದರು. ಬಂದದ್ದನ್ನು ಕುದಿನೀರಿಗೆ ಹಾಕಿ ಮೊಟ್ಟೆಗಳನ್ನು ಸಾಯಿಸಿ, ತೊಳೆದು, ತಳಕ್ಕೆ ಇಳಿಯಲು ಬಿಟ್ಟು, ಮತ್ತೆ ತೊಳೆದೆ. ಕಪ್ಪು ತಟ್ಟೆಗೆ ಸುರಿದು ಭೂತಗನ್ನಡಿ ಹಿಡಿದೆ. ಮೊದಲ ತಟ್ಟೆಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಬಿಸಿಲು ಗೋಡೆ ಏರುತ್ತಿತ್ತು. ಇಷ್ಟು ವರ್ಷ ಯಾವ ಹುಳವನ್ನೂ ಇರಲೆಂದು ಬಯಸಿದವಳಲ್ಲ. ಅವತ್ತು ಮಾತ್ರ, ಬಾರೋ ದರಿದ್ರದವನೇ, ಎಲ್ಲಿ ಅಡಗಿದ್ದೀಯ ಎಂದು ಹಲ್ಲು ಕಡಿದು ಕರೆದೆ.

ಮೂರನೆಯ ತಟ್ಟೆಯಲ್ಲಿ ಸಿಕ್ಕಿತು. ಅಕ್ಕಿನುಚ್ಚಿನಷ್ಟು ಬಿಳಿ ಚೂರು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಣಿಸುವ ಗೋಜೇ ಬೇಡವೆನ್ನುವಷ್ಟು. ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕೊಕ್ಕೆಗಳಿರುವ ತಲೆ, ಹಿಂದೆ ಮೂರೇ ತುಂಡು, ಕೊನೆಯದು ದಪ್ಪ.

"ಇದೇನಾ?" ಭಾವ ಕೇಳಿದರು. "ಇಷ್ಟೇನಾ?"

"ಇಷ್ಟೇ."

 ಭಾವ ಎದ್ದು, ಅವತ್ತಿನ ಕೆಟ್ಟ ಲಿವರ್‌ಗಳ ಬಕೆಟ್ಟನ್ನು ತಾವೇ ಎತ್ತಿ ಕುದಿಯುವ ಹಂಡೆಗೆ ಬಗ್ಗಿಸಿದರು. ಮ್ಯಾನೇಜರ್ ಬಾಲ ಅಲ್ಲಾಡಿಸುತ್ತ ಕಾಯುತ್ತಿತ್ತು.

ಸರ್ಜನ್ ಇನ್ನೂ ತಮ್ಮ ಕೋಣೆಯಲ್ಲಿದ್ದರು. ಬೇಕರಿ ನಾಯಿಯ ಕಥೆಯನ್ನು ಭಾವನೇ ಹೇಳಿದರು, ಅಕ್ಕನ ಎದುರಿಗೇ, ಒಂದು ಅಕ್ಷರವನ್ನೂ ಬಿಡದೆ. ಸರ್ಜನ್ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಸ್ಕ್ಯಾನ್ ಹಾಳೆಯನ್ನು ಮತ್ತೆ ದೀಪಕ್ಕೆ ಹಿಡಿದರು.

"ಸೂಜಿ ಬೇಡ" ಎಂದರು. "ಇವತ್ತಿಂದ್ಲೇ ಹುಳದ ಔಷಧಿ ಶುರು, ಜ್ವರಕ್ಕೂ ಹಾಕ್ತೀನಿ. ಆಮೇಲೆ ಹುಷಾರಾಗಿ ತೆರೆದು ಚೀಲ ಒಡೀದೆ ತೆಗೆಯೋಣ."

ನಾನು ಹೊರಗೆ ಬಂದು, ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಕಸಾಯಿಖಾನೆಯ ಹಸಿರು ಚುಕ್ಕೆಯ ಮೇಲೆ ಕಾಗದ ಹರಿಯುವಷ್ಟು ಒತ್ತಿ ಬಳಿದೆ.

ಔಷಧಿ ಶುರುವಾದ ಮೇಲೆ, ಜ್ವರ ಇಳಿದ ಮೇಲೆ, ಆಪರೇಷನ್ ಆಯಿತು. ಸಿಪ್ಪೆ ಸುಲಿದ ಮೊಟ್ಟೆಯಂತಿದ್ದ ಬಿಳಿ ಚೀಲವನ್ನು ಸ್ಟೀಲ್ ಬಟ್ಟಲಲ್ಲಿಟ್ಟು ತೋರಿಸಿದರು. ಅಷ್ಟು ದಿನವೂ ಅಕ್ಕ ಗಂಡನ ಜೊತೆ ಮಾತು ಬಿಟ್ಟಿದ್ದಳು. ನನ್ನ ಜೊತೆಗೂ ಅಷ್ಟಕ್ಕಷ್ಟೇ.

ಬಟಾಣಿ ಕಣ್ಣು ಬಿಟ್ಟು, ತುಟಿ ಒದ್ದೆ ಮಾಡಿಕೊಂಡು ಮೊದಲು ಕೇಳಿದ್ದು ನನ್ನನ್ನು. "ನಾಯಿ ಹಿಡಿಯೋರು ಮ್ಯಾನೇಜರ್‌ನ ಕರ್ಕೊಂಡ್ ಹೋದ್ರಾ ಚಿಕ್ಕಮ್ಮ?"

"ಇಲ್ಲ ಚಿನ್ನು. ಗೇಟಲ್ಲೇ ಇದೆ. ಗುಳಿಗೆ ತಿಂದಿದೆ."

ಅವಳು ಅಮ್ಮನ ಕಡೆ ನೋಡಿದಳು, ಏಟು ಬೀಳುತ್ತದೇನೋ ಎಂಬ ಹಾಗೆ. ಅಕ್ಕನಿಗೆ ತಡೆಯಲಾಗಲಿಲ್ಲ. ಮಗಳ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನಂಗೆ ಹೆದರ್ಕೊಂಡ್ಯಾ? ಪ್ರಾಣಕ್ಕೆ ಬಂದ್ರೂ ಹೇಳ್ದೇ ಇರೋಷ್ಟು ಹೆದರ್ಕೊಂಡ್ಯಾ ಕಂದಾ?" ಭಾವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು.

ಅತ್ತು ಮುಗಿಸಿ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಮುಂದೆ ಕೈ ಚಾಚಿದಳು.

"ಆ ಗುಳಿಗೆ ಮತ್ತೆ ಮತ್ತೆ ಕೊಡ್ಬೇಕಂತಲ್ಲ. ಕೊಡಿಲ್ಲಿ."

"ಭಾವ ಕೊಡ್ತಾರೆ ಬಿಡಕ್ಕ."

"ಭಾವ ಬೇಡ. ನೀನೂ ಬೇಡ. ಗೇಟಿಗೆ ಹೋಗಿ ನಾನೇ ಅದರ ಬಾಯಿಗೆ ಹಾಕಿ, ನುಂಗೋದನ್ನ ನೋಡ್ಕೊಂಡ್ ಬರ್ತೀನಿ. ನಿಮ್ಮ ಮೂರ್ ಜನಾನ ಇನ್ನು ನಂಬಿದ್ರೆ ಕೇಳು." ಒಂದು ಕ್ಷಣ ಯೋಚಿಸಿ, "ನಾಯಿ ಸೇರಿ ನಾಲ್ಕು" ಎಂದಳು.

ನಾನು ಗುಳಿಗೆಯ ಪಟ್ಟಿಯನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಚಪ್ಪಲಿ ಮೆಟ್ಟಿಕೊಂಡು ಆಗಲೇ ಹೊರಟಿದ್ದಳು. ಮಂಚದಿಂದ ಬಟಾಣಿಯ ಸಣ್ಣ ದನಿ ಕೇಳಿತು.

"ಅಮ್ಮಾ, ಕೊಟ್ಟಾದ್ಮೇಲೆ ಕೈ ತೊಳ್ಕೋ."