ಎರಡನೇ ಏಟು

ಒಣಗಿದ ಹೊಳೆಯ ಮರಳಿಗೆ ಇಳಿಯುವ ಮೊದಲೇ ಕ್ರೋಪ್ ಪಿಕಪ್ ನಿಲ್ಲಿಸಿದ.

"ಅಕ್ಕ, ನಾನು ಇಲ್ಲೇ ನೆರಳಲ್ಲಿ ಕೂತಿರ್ತೀನಿ. ನೀನು ನಡ್ಕೊಂಡು ಹೋಗ್ಬಿಡು. ಎಷ್ಟು ದೂರ ಮಹಾ, ಅರ್ಧ ಗಂಟೆ."

"ಎರಡು ಮೂಟೆ ಹಿಟ್ಟನ್ನ ನಿಮ್ಮಪ್ಪ ಬಂದು ಹೊರ್ತಾನಾ?" ಎಂದಳು ಅಪುವಾ.

"ನಾನು ಪೊಕೊಟ್, ಅಕ್ಕ. ನಮ್ಮ ಬುಡಕಟ್ಟಿಗೂ ನಿಮ್ಮದಕ್ಕೂ ದನದ ಜಗಳ ಮುಗಿದೇ ಇಲ್ಲ. ನಿಮ್ಮ ತುರ್ಕಾನಾ ಜನಕ್ಕೆ ನನ್ನ ಮುಖ ನೋಡಿದ್ರೇ ಕೈ ತುರಿಸುತ್ತೆ."

"ಹದಿನಾರು ವರ್ಷದಿಂದ ಈ ಹಟ್ಟಿಗೆ ಬರ್ತಿದೀನಿ. ಅರ್ಧ ಹಟ್ಟಿಯ ಮಕ್ಕಳನ್ನ ಹೆರಿಗೆ ಮಾಡಿಸಿದ್ದು ನಾನು. ನನ್ನ ಜೊತೆ ಬಂದೋನ್ನ ಮುಟ್ಟೋ ಧೈರ್ಯ ಯಾರಿಗಿದೆ? ನಡಿ."

ಅಪುವಾ ಕೆಲಸ ಮಾಡುತ್ತಿದ್ದ ಕ್ರೈಸ್ತ ಮಿಷನ್ನಿನ ಖಾಯಂ ಚಾಲಕ ಮಲೇರಿಯಾದಲ್ಲಿ ಮಲಗಿದ್ದ. ಗಾಡಿ ರಿಪೇರಿ ಮಾಡುತ್ತಿದ್ದ ಕ್ರೋಪ್ ಅವನ ಬದಲಿಗೆ ಬಂದಿದ್ದ. ಐದು ವರ್ಷದ ಹಿಂದೆ ಅವನೂ ಕ್ರಿಸ್ತನ ಹೆಸರಲ್ಲಿ ನೀರು ಹಾಕಿಸಿಕೊಂಡವನೇ. ಅಂದು ಹಟ್ಟಿಯ ಏಳು ಹೆಂಗಸರಿಗೆ ದೀಕ್ಷಾಸ್ನಾನವಾಗಬೇಕಿತ್ತು. ಅವನು ಗೇರು ಹಾಕಿದ.

ಗಾಡಿಯ ಸದ್ದಿಗೆ ಓಡಿಬರುತ್ತಿದ್ದ ಮಕ್ಕಳು ಅಂದು ಬರಲಿಲ್ಲ. ಮುಳ್ಳುಬೇಲಿ ಹೊಗೆಯಾಡುತ್ತಿತ್ತು. ದೊಡ್ಡಿಗಳು ಖಾಲಿ. ಬೇವಿನ ಮರದಡಿ ಎರಡು ಹೆಣ, ಮೇಲೆ ಹಸುವಿನ ಚರ್ಮ. ಒಂದು ಚರ್ಮದಡಿಯಿಂದ ಚಾಚಿದ್ದ ಪಾದದ ಟೈರಿನ ಚಪ್ಪಲಿ ಮುದುಕ ಲೊಮೂರಿಯಾನದೆಂದು ಅಪುವಾಳಿಗೆ ನೋಡಿದೊಡನೆ ತಿಳಿಯಿತು. ನಸುಕಿನಲ್ಲಿ ಪೊಕೊಟರು ನುಗ್ಗಿ ದನ ಹೊಡೆದುಕೊಂಡು ಹೋಗಿದ್ದರು.

"ತಿರುಗಿಸು! ಗಾಡಿ ತಿರುಗಿಸು!" ಎಂದು ಅವಳು ಕೂಗುವಷ್ಟರಲ್ಲಿ ಕಿಟಕಿಯೊಳಗೆ ಹಟ್ಟಿಯ ಗಂಡಸರ ನಾಲ್ಕು ಕೈ ನುಗ್ಗಿದವು. ಕ್ರೋಪ್‌ನನ್ನು ಕೂದಲು ಹಿಡಿದು ಅರ್ಧ ಹೊರಗೆಳೆದರು; ಉಳಿದರ್ಧ ಬಾಗಿಲಿನ ಜೊತೆಗೇ ಹೊರಗೆ ಬಂತು. ಕೋಲುಗಳು ಬೀಳತೊಡಗಿದವು. ಎಲುಬಿನ ಮೇಲೆ ಬಿದ್ದದ್ದು ಯಾವುದು, ಮಾಂಸದ ಮೇಲೆ ಬಿದ್ದದ್ದು ಯಾವುದೆಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು.

"ಏನಕ್ಕ, ಉಳಿದ ಆಡು ಎಷ್ಟಿದಾವೆ ಅಂತ ನೋಡ್ಕೊಂಡು ಹೋಗೋಕೆ ಇವನನ್ನ ಕೂರಿಸ್ಕೊಂಡು ಬಂದ್ಯಾ?" ಎಂದು ಕಿರುಚಿದವನು ಲೊಮೂರಿಯಾನ ಮಗ ಎವೊಯ್. ಅವನ ಹೆಗಲಲ್ಲಿ ಬಂದೂಕಿತ್ತು.

"ಎವೊಯ್, ಇವನು ಬೆಳಗಿನಿಂದ ನನ್ನ ಜೊತೆಗಿದ್ದ! ದೇವರಾಣೆ!"

"ನಿನ್ನ ದೇವರು ಬೆಳಗ್ಗೆ ಯಾರ ಜೊತೆಗಿದ್ದ? ಅದನ್ನ ಹೇಳು ಮೊದ್ಲು."

ಎವೊಯ್ ಮಣಿಕಟ್ಟಿಗೆ ತೊಟ್ಟಿದ್ದ ಬಳೆಗತ್ತಿಯನ್ನು ಕ್ರೋಪ್‌ನ ಎಡಗಿವಿಗೆ ಹಚ್ಚಿ ಎಳೆದ. ಕಿವಿ ಮರಳಿಗೆ ಬಿತ್ತು. ಕ್ರೋಪ್ ಕುರಿಯಂತೆ ಅರಚಿದ. ಅಪುವಾ ಅವನ ಮೇಲೆ ಅಡ್ಡ ಬಿದ್ದಳು. ಯಾರೋ ಪಕ್ಕೆಗೆ ಒದ್ದು ಅವಳನ್ನು ಉರುಳಿಸಿದರು. ಮಂಡಿಯೂರಿ ಬೇಡಿದಳು. ವೈರಿಯನ್ನು ಪ್ರೀತಿಸಿ ಎಂಬ ಮಾತು ಬಾಯಿಗೆ ಬಂದದ್ದು ಹೆಣಗಳನ್ನು ನೋಡಿ ಅಲ್ಲೇ ನಿಂತಿತು.

ಎವೊಯ್ ಹೆಗಲಿನ ಬಂದೂಕು ಇಳಿಸಿ ಕ್ರೋಪ್‌ಗೆ ಗುರಿಯಿಟ್ಟ.

ಲೊಮೂರಿಯಾನ ಹೆಣದ ಪಕ್ಕದಲ್ಲಿ ಅವನ ಮರದ ದಿಂಬುಮಣೆ ಬಿದ್ದಿತ್ತು. ಹಗಲು ಕೂರಲು, ಇರುಳು ತಲೆಯಿಡಲು ಗಂಡಸರು ಒಯ್ಯುವಂಥದು. ಅಪುವಾ ಅದರ ಕಾಲು ಹಿಡಿದು ಎದ್ದವಳೇ ಎವೊಯ್‌ನ ಮುಖಕ್ಕೆ ಬೀಸಿದಳು. ದವಡೆ ಮುರಿದ ಸದ್ದೂ ಬಂದೂಕಿನ ಸದ್ದೂ ಒಟ್ಟಿಗೇ ಕೇಳಿದವು. ಗುಂಡು ಕ್ರೋಪ್‌ನ ಎಡ ಮೀನಖಂಡವನ್ನು ಸೀಳಿ ಮರಳಿಗೆ ಹೊಕ್ಕಿತು. ಎವೊಯ್ ಬಿದ್ದ, ಬಂದೂಕು ಕೈತಪ್ಪಿ ದೂರ ಬಿತ್ತು.

ಅಷ್ಟಕ್ಕೇ ನಿಲ್ಲಬಹುದಿತ್ತು. ಅಪುವಾ ಬಗ್ಗಿ ಇನ್ನೊಂದು ಹೊಡೆದಳು. ಈ ಏಟು ಕಣ್ಣಿಗೆ ಬಿತ್ತು. ಬಿದ್ದವನಿಗೆ ಹೊಡೆದ ಆ ಕ್ಷಣ ಅವಳ ಮೈಗೆಲ್ಲ ಏನೋ ಹಿತವಾಯಿತು.

ಯಾರೂ ಅಲುಗಲಿಲ್ಲ. ಎವೊಯ್‌ನ ತಾಯಿ ನಾಮೊನಿ ಬಂದೂಕನ್ನು ಕೈಗೆತ್ತಿಕೊಂಡಳು. ಎಲ್ಲರೂ ಕಾದರು. ಅವಳು ಗುಂಡುಗಳ ಡಬ್ಬಿಯನ್ನು ಕಿತ್ತು ಬೂದಿಯೊಳಕ್ಕೆ ಎಸೆದಳು.

"ಒಬ್ಬನನ್ನ ಮಣ್ಣು ಮಾಡೋಕೇ ನನ್ನ ಕೈಲಿ ತ್ರಾಣ ಇಲ್ಲ," ಎಂದಳು. ಆಮೇಲೆ ಕ್ರೋಪ್‌ನ ಎದುರು ಕೂತಳು. "ಏಯ್ ಪೊಕೊಟ್, ನನ್ನ ಮಗನ್ನ ಆಸ್ಪತ್ರೆಗೆ ಮುಟ್ಟಿಸ್ತೀಯಾ? ಇಲ್ಲಿ ಗಾಡಿ ಓಡಿಸೋಕೆ ಬರೋದು ನಿನಗೊಬ್ಬನಿಗೇ."

ಕ್ರೋಪ್ ರಕ್ತ ಉಗುಳಿದ. "ಮೊದ್ಲು ಕಾಲಿಗೆ ಬಟ್ಟೆ ಕಟ್ಟಿ."

ಹಿಂದೆ ಹಿಟ್ಟಿನ ಮೂಟೆಗಳ ಮೇಲೆ ಎವೊಯ್‌ನನ್ನು ಮಲಗಿಸಿ ನಾಮೊನಿ ಕೂತಳು. ಕ್ರೋಪ್‌ಗೆ ಎಡಗಾಲು ಆಡುತ್ತಿರಲಿಲ್ಲ. ಪಕ್ಕದ ಸೀಟಿನಿಂದ ಅಪುವಾ ತನ್ನ ಬಲಗಾಲು ಚಾಚಿ ಕ್ಲಚ್ ತುಳಿದಳು.

"ಒತ್ತು," ಎನ್ನುತ್ತಿದ್ದ ಕ್ರೋಪ್. "ಬಿಡು. ನಿಧಾನಕ್ಕೆ, ಹೆಂಗಸೇ, ಹಾವು ತುಳಿದೋಳ ಥರ ಮಾಡ್ಬೇಡ. ಒತ್ತು."

ನಾಲ್ಕು ಗಂಟೆ ಹೀಗೇ ಸಾಗಿತು. ಗಾಡಿ ಕುಣಿದಾಗಲೆಲ್ಲ ಹಿಂದಿನಿಂದ ಎವೊಯ್‌ನ ನರಳಾಟ ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಎವೊಯ್‌ನ ಮುಖ ತೊಳೆಯುತ್ತ, "ಹೊಡೆದೋರು ಯಾರು?" ಎಂದಳು.

"ನಾನು," ಎಂದಳು ಅಪುವಾ. "ಎರಡು ಸಲ."

ನರ್ಸ್ ಅವಳ ಕೊರಳಿನ ಶಿಲುಬೆಯನ್ನೊಮ್ಮೆ ನೋಡಿ ತನ್ನ ಕೆಲಸಕ್ಕೆ ತಿರುಗಿದಳು. ದವಡೆಗೆ ತಂತಿ ಕಟ್ಟಿದರು, ಕಣ್ಣು ಉಳಿಯಲಿಲ್ಲ. ಅಪುವಾ ಹಾಸಿಗೆಯ ಬಳಿ ಹೋಗಿ ನಿಂತಾಗ ಎವೊಯ್ ಗೋಡೆಯ ಕಡೆ ತಿರುಗಿಕೊಂಡ. ನಾಮೊನಿ ಅವಳಿಗೆ ಕೂರೆಂದೂ ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ.

ಕ್ರೋಪ್ ಹೊರಗಿನ ಬೆಂಚಿನ ಮೇಲೆ, ತಲೆಗೂ ಕಾಲಿಗೂ ಪಟ್ಟಿ ಸುತ್ತಿಸಿಕೊಂಡು ಕೂತಿದ್ದ.

"ನಿನ್ನನ್ನ ಅಲ್ಲಿಗೆ ಎಳ್ಕೊಂಡು ಹೋಗಿದ್ದು ನನ್ನ ಜಂಬ," ಎಂದಳು ಅಪುವಾ. "ಕ್ಷಮಿಸು ಅನ್ನೋಕೂ ನನಗೆ ಬಾಯಿಲ್ಲ."

"ಮೊದಲನೇ ಏಟು ನನ್ನ ಜೀವ ಉಳಿಸ್ತು," ಎಂದ ಕ್ರೋಪ್. "ಎರಡನೇದು ಹೊಡೆದ್ಯಲ್ಲ, ಆಗ ನನಗೆ ಖುಷಿಯಾಯ್ತು ಅಕ್ಕ. ಮೂರನೇದೂ ಹೊಡಿಲಿ ಅಂದ್ಕೊಂಡೆ."

ಅಪುವಾ ಅವನ ಪಕ್ಕದಲ್ಲಿ ಕೂತಳು. ಕ್ಲಚ್ ತುಳಿದು ಸೋತ ಬಲಗಾಲನ್ನು ಚಾಚಿಕೊಂಡಳು. "ನಾನೂ ಅದನ್ನೇ ಅಂದ್ಕೊಂಡಿದ್ದೆ," ಎಂದಳು.