ಬಿರುಕಿನ ಮೇಲಿನ ಗಾಜು

ಕೊಂಡ ಕೆಲವೇ ತಿಂಗಳಿಗೆ ಮನೆ ಬಾಯಿ ಬಿಟ್ಟಿತ್ತು. ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾಗಿ ಇಳಿದ ಬಿರುಕು. ಎಂಜಿನಿಯರ್ ಬಂದು ಅದರ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದ. ಮಳೆಗಾಲ ಮುಗಿಯುವವರೆಗೆ ಗಾಜು ಹಾಗೇ ಇದ್ದರೆ ಬಿರುಕಿಗೆ ಸಿಮೆಂಟ್ ತುಂಬಿದರೆ ಸಾಕು. ಒಡೆದರೆ ತಳಪಾಯ ಇನ್ನೂ ಕುಸಿಯುತ್ತಿದೆ ಎಂದೇ ಅರ್ಥ, ತಕ್ಷಣ ತಿಳಿಸಿ ಎಂದಿದ್ದ.

ಈ ಮನೆಯೇ ಬೇಕೆಂದು ಹಟ ಹಿಡಿದವಳು ಹೆಂಡತಿ. ಬಟ್ಟೆ ಹೊಲಿಯುವವಳು, ಆ ದೊಡ್ಡ ಕಿಟಕಿಯ ಬೆಳಕು ಕಂಡದ್ದೇ ತಡ, ಬೇರೇನನ್ನೂ ನೋಡಲಿಲ್ಲ. ಬಸ್ ಓಡಿಸುವ ಗಂಡ, ಇನ್ನೊಂದೆರಡು ಮನೆ ನೋಡೋಣ ಎಂದು ಗೊಣಗಿ ಸುಮ್ಮನಾದ. ನಾದಿನಿ ಸುಮ್ಮನಾಗುವ ಪೈಕಿಯಲ್ಲ. ಬಂದಾಗಲೆಲ್ಲ ಇದು ಅತ್ತಿಗೆ ಆರಿಸಿದ ಮನೆ ಎಂದು ಒತ್ತಿ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ, ಗಂಡ ಕೆಲಸಕ್ಕೆ ಹೋದ ಮೇಲೆ, ಗಾಜು ಎರಡು ತುಂಡಾಗಿದ್ದುದು ಹೆಂಡತಿಯ ಕಣ್ಣಿಗೆ ಬಿತ್ತು. ಅವನಿಗೆ ಹೇಳುವ ಧೈರ್ಯ ಬರಲಿಲ್ಲ. ಬೈಯುತ್ತಾನೆಂದಲ್ಲ, ಬೈಯುವುದಿಲ್ಲ, ಅದೇ ಸಂಕಟ. ತುಂಡುಗಳನ್ನು ಕಿತ್ತು ಚಿಂದಿಬಟ್ಟೆಯಲ್ಲಿ ಸುತ್ತಿಟ್ಟು, ತನ್ನ ಟೇಪಿನಲ್ಲೇ ಅಳತೆ ತೆಗೆದು, ಬೀದಿ ಕೊನೆಯ ಗಾಜಿನಂಗಡಿಗೆ ನಡೆದಳು. ಹೊಸ ಗಾಜು ಅಂಟಿಸಿದರೆ ತಳಪಾಯ ಸುಮ್ಮನಾಗುತ್ತದೆಯೇ? ಹೆದರಿಕೆಗೆ ಅಷ್ಟೆಲ್ಲ ಬುದ್ಧಿ ಎಲ್ಲಿಂದ ಬರಬೇಕು.

ಅಳತೆ ಕೇಳಿ ಅಂಗಡಿಯವನು ತಲೆ ಎತ್ತಿದ. "ಮತ್ತೆ ಒಡೀತಾ ಅಕ್ಕಾ? ನಿಮ್ಮ ಯಜಮಾನ್ರು ಹೋದ ವಾರ ಇದೇ ಅಳತೇದು ತಗೊಂಡು ಹೋಗಿದ್ರಲ್ಲ. ನಿಮಗೆ ಹೇಳಬೇಡ ಅಂದಿದ್ರು," ಎಂದವನು ನಾಲಿಗೆ ಕಚ್ಚಿಕೊಂಡ.

ಸಂಜೆ ಗಂಡ ಚಪ್ಪಲಿ ಬಿಡುತ್ತಿದ್ದಂತೆ, ಹೊಸ ಪಟ್ಟಿಯನ್ನೂ ಒಡೆದ ತುಂಡುಗಳನ್ನೂ ಅವನ ಮುಂದಿಟ್ಟಳು. ಅವನು ಒಡೆದ ತುಂಡೊಂದನ್ನು ಕೈಗೆತ್ತಿಕೊಂಡ.

"ಆ ಕಿಟಕಿ ಹತ್ರ ಕೂತಾಗ ನೀನು ಹಾಡು ಗುನುಗ್ತೀಯ. ಬಾಡಿಗೆ ಮನೇಲಿ ಒಂದು ದಿನಾನೂ ಗುನುಗಿರಲಿಲ್ಲ. ನಿಂಗೆ ಹೇಗೆ ಹೇಳ್ಲಿ?"

ಅವಳಿಗೆ ಅಳುವೂ ಬಂತು, ನಗುವೂ ಬಂತು. ಕಣ್ಣೊರೆಸಿಕೊಂಡು ತಾನೇ ಎಂಜಿನಿಯರಿಗೆ ಫೋನ್ ಮಾಡಿದಳು. "ಗಾಜು ಎರಡು ಸಲ ಒಡೀತು ಸಾರ್. ಒಂದ್ಸಲ ಅವರು ಮುಚ್ಚಿಟ್ರು, ಒಂದ್ಸಲ ನಾನು."

ಎಂಜಿನಿಯರ್ ಇಬ್ಬರಿಗೂ ಚೆನ್ನಾಗಿ ಉಗಿದ. ಬೆಳಿಗ್ಗೆ ಬಂದು ಮೂಲೆ ಅಗೆಸಿ ತಳಪಾಯ ಭದ್ರ ಮಾಡಿಸುತ್ತೇನೆ, ಅಲ್ಲಿಯವರೆಗೆ ಆ ಕೋಣೆಗೆ ಕಾಲಿಡಬೇಡಿ ಎಂದ.

ಇಬ್ಬರೂ ಹೊಲಿಗೆ ಮೆಷಿನ್ ಎತ್ತಿ ಅಡುಗೆಮನೆಗೆ ತಂದರು. ಅಲ್ಲಿ ಬೆಳಕು ಸಾಲದು. ಅರ್ಧ ಹೊಲಿದ ರವಿಕೆ ಮುಗಿಸಲೇಬೇಕಿತ್ತು, ಅವನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತ. ತಾನು ಗುನುಗುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು, ಅವನು ನಕ್ಕಾಗಲೇ.