ಅಂಟಿಕೊಂಡ ಎರಡು ಹಾಳೆ

ಇಂಗ್ಲಿಷ್ ಕಲಿತವರು ಮೊದಲು ಯಾರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಾರೋ ಗೊತ್ತಿಲ್ಲ, ಮೊಟ್ಟೆಯಕ್ಕ ಮಾತ್ರ ಕೋಳಿಗಳ ಹತ್ತಿರ ಕೊಚ್ಚಿಕೊಂಡಳು. ಬೆಳಿಗ್ಗೆ ಗೂಡಿನಿಂದ ಗೂಡಿಗೆ ಬಗ್ಗಿ ಮೊಟ್ಟೆ ಆರಿಸುತ್ತ, “ದ ಫಾರ್ಮರ್ ಗೆಟ್ಸ್ ಅಪ್ ಅರ್ಲಿ. ಹಿ ಫೀಡ್ಸ್ ದ ಹೆನ್ಸ್” ಎಂದು ಶೆಡ್ಡು ತುಂಬ ಕೇಳುವಂತೆ ಹೇಳುವಳು. ಕೋಳಿಗಳು ಕತ್ತು ಓರೆ ಮಾಡಿ ಕೇಳುತ್ತಿದ್ದವು. ತಮ್ಮ ಬಗ್ಗೆಯೇ ಬರೆದ ಪಾಠ, ಕೇಳದೆ ಇನ್ನೇನು ಮಾಡುತ್ತವೆ!

ಆ ಕೋಳಿ ಫಾರಂನಲ್ಲಿ ಮೊಟ್ಟೆ ಆರಿಸುವುದು, ಶೆಡ್ಡು ಗುಡಿಸುವುದು ಅವಳ ಕೆಲಸ. ಕಣ್ಣಿದ್ದದ್ದು ಮಾತ್ರ ಶೆಡ್ಡಿನಾಚೆಯ ಮರಿಗಳ ಕೋಣೆಯ ಮೇಲೆ. ದೀಪದ ಬಿಸಿಯಲ್ಲಿ ಹಳದಿ ಮರಿಗಳು ಒಂದರ ಮೇಲೊಂದು ಬಿದ್ದು ಚಿಂವ್‌ಗುಟ್ಟುವುದನ್ನು ಬಾಗಿಲ ಸಂದಿಯಿಂದ ನೋಡಿ ನೋಡಿ ಅವಳಿಗೆ ಆಸೆ ಹತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಕೆಲಸ ಬಿಡುವವಳಿದ್ದಳು. ಆದರೆ ಮರಿಗಳ ಆಹಾರದ ಚೀಲಕ್ಕೂ ಔಷಧಿಯ ಡಬ್ಬಿಗೂ ಇಂಗ್ಲಿಷ್ ಚೀಟಿ ಅಂಟಿಕೊಂಡೇ ಬರುತ್ತಿತ್ತು. ಫಾರಂ ಯಜಮಾನಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: “ಚೀಟಿ ಓದೋಕೆ ಬಂದವರಿಗೆ ಕೋಣೆ ಬೀಗದ ಕೈ. ಬರದೇ ಇರೋರು ಹೊರಗಿಂದ ನೋಡಿ ಖುಷಿಪಡಿ.”

ಹಾಗಾಗಿ ಮೊಟ್ಟೆಯಕ್ಕ ತರಕಾರಿ ಮಾರ್ಕೆಟ್ಟಿನ ಹಿಂದಿನ ಹಾಲ್‌ನಲ್ಲಿ ನಡೆಯುವ ಸಂಜೆ ತರಗತಿಗೆ ಸೇರಿದಳು. ಅಲ್ಲಿ ಬಣ್ಣ ಬಳಿಯುವ ಪೇಂಟರ್, ಬೇಕರಿಯಲ್ಲಿ ಬ್ರೆಡ್ಡು ಮಾಡುವ ಹೆಂಗಸರು, ಬಸ್ಸು ತೊಳೆಯುವವರು, ಎಲ್ಲರೂ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂರುತ್ತಿದ್ದರು. ಪುಸ್ತಕದಲ್ಲಿ ಒಂದು ರೈತ ಕುಟುಂಬ. ಅವರು ಕೋಳಿಗೆ ಕಾಳು ಹಾಕುತ್ತಾರೆ, ಹಸುವಿನ ಹಾಲು ಕರೆಯುತ್ತಾರೆ, ಸೋರುವ ಮಾಡು ರಿಪೇರಿ ಮಾಡುತ್ತಾರೆ, ರಜೆಯ ದಿನ ರಾಶಿ ಬಟ್ಟೆ ಒಗೆದು ಸುಸ್ತಾಗುತ್ತಾರೆ.

“ಇದನ್ನ ಬರೆದೋರು ನಮ್ಮನೆ ಕಿಟಕೀಲಿ ಇಣುಕಿದಾರೆ ಕಣ್ರೀ” ಎಂದಳು ಗಂಡನಿಗೆ.

ಟೀಚರ್ ಪ್ರತಿ ಪಾಠವನ್ನೂ ಮೊದಲು ತಾವೇ ಓದಿ ಕೇಳಿಸುತ್ತಿದ್ದರು. ಎರಡು ಸಲ ಕೇಳಿದರೆ ಸಾಕು, ಮೊಟ್ಟೆಯಕ್ಕನ ನಾಲಿಗೆಗೆ ಅದು ಹತ್ತಿಬಿಡುತ್ತಿತ್ತು. ಮರುದಿನ ಪುಸ್ತಕ ಹಿಡಿದು ನಿಂತರೆ ಎಲ್ಲೂ ತಡವರಿಸದೆ ನೀರು ಕುಡಿದ ಹಾಗೆ ಒಪ್ಪಿಸುವಳು.

ಅವಳ ಗಂಡ ಟೈಲರ್. ಹೆಂಡತಿಯ ಓದು ಕೇಳಿ ಅವನಿಗೆ ನೆಲವೇ ಕಾಣುತ್ತಿರಲಿಲ್ಲ. ಅಂಗಡಿಗೆ ಬಂದವರು ಅಳತೆಗೆಂದು ಎರಡು ಕೈ ಮೇಲೆತ್ತಿ ನಿಂತಾಗ, ಅಂದರೆ ಓಡಿಹೋಗಲು ಸಾಧ್ಯವಿಲ್ಲದ ಹೊತ್ತು ನೋಡಿಕೊಂಡು, ಶುರು ಮಾಡುತ್ತಿದ್ದ: “ನಮ್ಮನೆಯವಳು ಇಂಗ್ಲಿಷ್ ಓದೋದು ಕೇಳಿದೀರಾ? ರೈಲು ಸ್ವಾಮಿ, ರೈಲು! ಎಲ್ಲೂ ನಿಲ್ಲೋದೇ ಇಲ್ಲ.”

ಆ ರೈಲು ಹಳಿ ತಪ್ಪಿದ್ದು ಒಂದು ಒಡೆದ ಮೊಟ್ಟೆಯಿಂದ. ಕೆಲಸ ಮುಗಿಸಿ ಬರುವಾಗ ಬುಟ್ಟಿಯಲ್ಲಿ ಪುಸ್ತಕದ ಪಕ್ಕ ಒಂದು ಮೊಟ್ಟೆ ಬಿರಿದಿತ್ತು, ಲೋಳೆ ಪುಸ್ತಕದೊಳಗೆ ಸೋರಿ ಒಣಗಿತ್ತು. ಸಂಜೆ ಅವಳ ಸರದಿ ಬಂತು. ಹಸುವಿನ ಪಾಠ. ಅರ್ಧ ಆದ ಮೇಲೆ ಠೀವಿಯಿಂದ ಹಾಳೆ ತಿರುಗಿಸಿದಳು. ತಿರುಗಿದ್ದು ಒಂದಲ್ಲ, ಅಂಟಿಕೊಂಡ ಎರಡು ಹಾಳೆ. ಎದುರಿಗೆ ಮಾಡಿನ ಮೇಲೆ ಹತ್ತಿ ಹೆಂಚು ಜೋಡಿಸುತ್ತಿರುವ ರೈತನ ಚಿತ್ರ. ಅದನ್ನೇ ದಿಟ್ಟಿಸುತ್ತ ಅವಳು ನಿರಾತಂಕವಾಗಿ ಮುಂದುವರಿಸಿದಳು: “ದ ಕೌ ಗಿವ್ಸ್ ಮಿಲ್ಕ್. ದ ಕೌ ಈಟ್ಸ್ ಗ್ರಾಸ್.”

ಪಕ್ಕದಲ್ಲಿದ್ದ ಪೇಂಟರ್ ಬಗ್ಗಿ ನೋಡಿದ. “ಅಕ್ಕಾ, ನಿಮ್ ಹಸು ಮಾಡು ಹತ್ತಿದೆ!”

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಮೊಟ್ಟೆಯಕ್ಕನಿಗೂ ಮೊದಲು ನಗು ಬಂತು, ಆಮೇಲೆ ನಿಂತಿತು.

ಎಲ್ಲರೂ ಹೋದ ಮೇಲೆ ಟೀಚರ್ ಹತ್ತಿರ ಬಂದು ಕೂತರು. “ಅಕ್ಕ, ಈ ಮಾಡಿನ ಪುಟ ಓದಿ ನೋಡೋಣ.”

“ಅದನ್ನಿನ್ನೂ ನೀವು ಹೇಳ್ಕೊಟ್ಟಿಲ್ವಲ್ಲ ಟೀಚರ್.”

“ಓದೋಕೆ ಬಂದ್ರೆ ನಾನು ಹೇಳ್ಕೊಡೋದೇ ಬೇಕಾಗಲ್ಲ ಅಕ್ಕ.”

ಮೊಟ್ಟೆಯಕ್ಕ ಯಾರಿಗೂ ಮೋಸ ಮಾಡಿರಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅಡುಗೆ, ಹಾಡು, ಕೋಳಿಯ ಕಾಯಿಲೆಗೆ ಮದ್ದು, ಹುಟ್ಟಿದಾಗಿನಿಂದ ಎಲ್ಲವನ್ನೂ ಅವಳು ಕಲಿತದ್ದು ಕಿವಿಯಿಂದಲೇ. ಅಕ್ಷರಗಳ ಗುರುತೇನೋ ಇತ್ತು. ಆದರೆ ಓದು ಎಂದರೆ ಪುಸ್ತಕ ಹಿಡಿದುಕೊಂಡು ಹೇಳುವುದು ಎಂದೇ ಅವಳು ನಂಬಿದ್ದಳು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಬೀಗದ ಕೈ ಹೋಯಿತು ಎನ್ನುವ ದುಃಖ ಒಂದು ಕಡೆ, ಊರಿಗೆಲ್ಲ ಡಂಗುರ ಸಾರಿ ಕೂತಿರುವ ಗಂಡನ ಮುಖ ಇನ್ನೊಂದು ಕಡೆ.

ದಾರಿ ತೋರಿಸಿದ್ದು ಅವಳ ಕೆಲಸವೇ. ದಿನಾ ಒಂದೇ ಕಡೆಯಿಂದ ಮೊಟ್ಟೆ ಆರಿಸುತ್ತ ಹೋದರೆ ಕೈ ತನ್ನ ಪಾಡಿಗೆ ಓಡುತ್ತದೆ, ಕಣ್ಣು ತೂಕಡಿಸುತ್ತದೆ, ಬಿರುಕು ಬಿಟ್ಟ ಮೊಟ್ಟೆಯೂ ಬುಟ್ಟಿಗೆ ಬೀಳುತ್ತದೆ. ಅದಕ್ಕೆ ಹೊಸದಾಗಿ ಸೇರಿದವರಿಗೆ ಅವಳು ಆಗಾಗ ಕೊನೆಯ ಗೂಡಿನಿಂದ ಆರಿಸಲು ಹೇಳುತ್ತಿದ್ದಳು. ಒಂದು ಬೆಳಿಗ್ಗೆ ಹಾಗೆ ಹೇಳುತ್ತಿದ್ದವಳು ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಳು.

ಅಂದಿನಿಂದ ಅವಳು ಪುಟದ ಕೊನೆಯ ಪದದಿಂದ ಮೇಲಕ್ಕೆ ಓದತೊಡಗಿದಳು. ಹಿಂದು ಮುಂದಾದ ಪಾಠ ನಾಲಿಗೆಗೆ ಗೊತ್ತಿಲ್ಲ, ಕಣ್ಣೇ ದುಡಿಯಬೇಕು. “ಹೆನ್ಸ್... ದ... ಫೀ... ಫೀಡ್ಸ್...” ಬೆರಳಿಟ್ಟು, ಅಕ್ಷರ ಕೂಡಿಸಿ, ಒಂದೊಂದನ್ನೂ ಗುರುತು ಹಿಡಿದೇ ಮುಂದಿನದಕ್ಕೆ ಹೋಗುವಳು. ಪುಸ್ತಕ ಸಾಲದೆ ಸೋಪಿನ ಕವರು, ನೂಲಿನ ಉಂಡೆಯ ಚೀಟಿ, ಬೀದಿಯ ಬೋರ್ಡು, ಯಾವುದನ್ನೂ ಬಿಡಲಿಲ್ಲ. ಒಳಗೊಳಗೇ ಅವಳಿಗೆ ಖುಷಿಯಾಗುತ್ತಿತ್ತು. ಟೈಲರ್‌ಗೆ ಮಾತ್ರ ಎದೆ ಒಡೆಯಿತು.

“ಯಾರ ಕಣ್ಣು ಬಿತ್ತೇ ನಿಂಗೆ? ಅಷ್ಟು ಚೆನ್ನಾಗಿ ಓಡ್ತಿದ್ದೋಳು ಈಗ ಕುಂಟ್ತಿದೀಯಲ್ಲ!”

“ಸುಮ್ನಿರಿ, ಅಕ್ಷರ ತಪ್ಪುತ್ತೆ” ಎಂದು ಅವಳು ಮತ್ತೆ ಬೆರಳಿಟ್ಟಳು.

ಚೀಟಿ ಓದಿಸಿ ನೋಡಲು ಯಜಮಾನಿ ಇಟ್ಟ ಪರೀಕ್ಷೆಯ ದಿನ ಟೈಲರ್ ಅಂಗಡಿ ಬಾಗಿಲು ಹಾಕಿ, ಕೊರಳಲ್ಲಿ ಟೇಪು ಹಾಗೇ ನೇತಾಡಿಸಿಕೊಂಡು ಫಾರಂಗೆ ಬಂದ. ಯಜಮಾನಿ ಆಗ ತಾನೇ ಬಂದ ಹೊಸ ಡಬ್ಬಿಯನ್ನು ಬಿಚ್ಚಿ, ಒಳಗಿದ್ದ ಚೀಟಿಯನ್ನು ಮೊಟ್ಟೆಯಕ್ಕನ ಕೈಗೆ ಕೊಟ್ಟರು. “ಹೂಂ, ಓದು.”

“ಕೀಪ್... ದ... ಚಿಕ್ಸ್... ವಾ... ವಾರ್ಮ್.” ನಿಂತಳು. ಉಸಿರು ತೆಗೆದುಕೊಂಡಳು. “ಗಿವ್... ಕ್ಲೀನ್... ವಾಟರ್.”

ಟೈಲರ್ ತಲೆ ತಗ್ಗಿಸಿ ಟೇಪು ಸುತ್ತತೊಡಗಿದ.

ಮೂರನೆಯ ಸಾಲಿಗೆ ಅವಳು ಪೂರ್ತಿ ನಿಂತೇಬಿಟ್ಟಳು. ಉದ್ದನೆಯ ಪದ, ಯಾವ ಪಾಠದಲ್ಲೂ ಬಂದಿರಲಿಲ್ಲ. ಯಜಮಾನಿಗೆ ಕನಿಕರ ಬಂತು. “ಅದು...” ಎಂದು ಬಾಯಿ ತೆರೆದರು.

“ಹೇಳ್ಬೇಡಿ ಅಮ್ಮಾ!” ಎಂದು ಮೊಟ್ಟೆಯಕ್ಕ ಕೂಗಿಯೇಬಿಟ್ಟಳು. ಯಜಮಾನಿಯ ಬಾಯಿ ಮುಚ್ಚಿಸಿದವರು ಆ ಫಾರಂನಲ್ಲಿ ಅದುವರೆಗೆ ಯಾರೂ ಇರಲಿಲ್ಲ. “ಒಂದ್ಸಲ ಕಿವಿಗೆ ಬಿದ್ರೆ ಅದು ನಂದಾಗಲ್ಲ. ಸ್ವಲ್ಪ ತಡೀರಿ.”

ಬೆರಳಿಂದ ಪದದ ಬಾಲ ಮುಚ್ಚಿದಳು. “ಡಿಸ್...” ಬೆರಳು ಸರಿಸಿದಳು. “ಇನ್... ಫೆ... ಫೆಕ್ಟ್.” ಮತ್ತೆ ಮೊದಲಿನಿಂದ ಕೂಡಿಸಿದಳು. “ಡಿಸ್‌ಇನ್‌ಫೆಕ್ಟ್... ದ... ಫ್ಲೋರ್.”

“ಹಾಗಂದ್ರೇನು?” ಯಜಮಾನಿ ಕೇಳಿದರು.

“ಕೋಳಿಮರಿ, ಬಿಸಿ, ನೀರು, ನೆಲ ಎಲ್ಲ ಗೊತ್ತಾಯ್ತಮ್ಮ. ಆ ಉದ್ದದ್ದು ಗೊತ್ತಿಲ್ಲ. ಆದ್ರೆ ಓದಿದೆ.”

ಯಜಮಾನಿ ಅವಳನ್ನೇ ನೋಡಿದರು. “ಕ್ರಿಮಿ ಸಾಯೋ ಹಾಗೆ ತೊಳೆಯೋದು ಅಂತ. ಅರ್ಥ ನಾನು ಹೇಳ್ತೀನಿ ಬಿಡು, ಓದೋದು ನಿಂಗೆ ಬಂತು” ಎಂದು ಸೊಂಟದಿಂದ ಬೀಗದ ಕೈ ಬಿಚ್ಚಿ ಅವಳ ಅಂಗೈಯಲ್ಲಿಟ್ಟರು.

ಗೇಟು ದಾಟಿದರೂ ಟೈಲರ್‌ಗೆ ಸಮಾಧಾನವಿಲ್ಲ. “ಬೀಗದ ಕೈಯೇನೋ ಸಿಕ್ತು. ಆದ್ರೂ ಆ ರೈಲು...”

“ರೀ, ಆ ಉದ್ದದ ಮಾತನ್ನ ನಂಗೆ ಯಾರೂ ಹೇಳ್ಕೊಟ್ಟಿರಲಿಲ್ಲ” ಎಂದಳು. ಅವಳ ಕಣ್ಣು ತುಂಬಿತ್ತು, ಮುಖ ಮಾತ್ರ ಬೆಳಗುತ್ತಿತ್ತು. “ಟೀಚರ್ ಇಲ್ಲ, ನೀವಿಲ್ಲ. ಕಾಗದದಲ್ಲಿತ್ತು, ನಾನೇ ತೆಗೆದೆ.”

ಅವನು ಮನೆಯವರೆಗೂ ಟೇಪನ್ನು ಸುತ್ತುತ್ತ, ಬಿಚ್ಚುತ್ತ ನಡೆದ.

ಮರುದಿನ ಮೊಟ್ಟೆಯಕ್ಕ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಅಂಗಡಿಯ ಮುಂದೆ ಹಾದು ಹೋಗುತ್ತಿದ್ದಳು. ಒಳಗೆ ಯಾರೋ ಪಾಪ ಎರಡು ಕೈ ಮೇಲೆತ್ತಿ ನಿಂತಿದ್ದರು. ಎದೆಗೆ ಟೇಪು ಬಿಗಿದು ಗಂಡ ಹೇಳುತ್ತಿದ್ದ: “ನಮ್ಮನೆಯವಳು ಇಂಗ್ಲಿಷ್ ಓದೋದು ಕೇಳಿದೀರಾ? ನಿಲ್ತಾಳೆ ಸ್ವಾಮಿ! ಒಂದೊಂದು ಪದಕ್ಕೂ ನಿಲ್ತಾಳೆ!”